ರಾಜಮನೆತನದವರು ಒಟ್ಟಿಗೆ ಬಂದಾಗ ಯಾರನ್ನು ಎಲ್ಲಿ ಕೂರಿಸಬೇಕು? ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಹಳೆಯ ಅರಸು ಮನೆತನದವರನ್ನು ಕರೆಸುವ ಕಾರ್ಯಕ್ರಮಗಳು ಕಡಿಮೆ ಏನಿಲ್ಲ. ಶಾಲೆಗೆ ನೂರು ವರ್ಷ ತುಂಬಿದೆ, ಜಾಗ ಕೊಟ್ಟದ್ದು ಹಿಂದಿನ ದೊರೆಗಳು, ಹಾಗಾಗಿ ಅವರ ಮನೆಯವರು ಬರಲೇಬೇಕು. ದೇವಸ್ಥಾನದ ಜೀರ್ಣೋದ್ಧಾರ ಆಗಿದೆ, ಹಿಂದಿನಿಂದಲೂ ಮೊದಲ ಪೂಜೆ ಆ ಮನೆಯದೇ. ಬರುವವರು ಮೈಸೂರು ಅರಮನೆಯವರಿರಬಹುದು, ಇಲ್ಲೇ ಸುತ್ತಮುತ್ತಲ ಪಾಳೆಯಗಾರರ ವಂಶಸ್ಥರೂ ಇರಬಹುದು. ಒಬ್ಬರೇ ಬಂದರೆ ತಲೆಬಿಸಿ ಇಲ್ಲ, ನಡುವಿನ ಕುರ್ಚಿ ಕೊಟ್ಟು ಹಾರ ಹಾಕಿದರಾಯಿತು. ಆದರೆ ಯಜಮಾನರು, ಅವರ ತಾಯಿ, ಹೆಂಡತಿ, ಚಿಕ್ಕಪ್ಪ, ಮದುವೆಯಾಗಿ ಹೋದ ಅಕ್ಕ, ಭಾವ, ಎಂಟು ವರ್ಷದ ಮಗ ಎಲ್ಲರೂ ಒಂದೇ ದಿನ ಬಂದರು ಅಂದುಕೊಳ್ಳಿ. ಆಗ ಸ್ವಾಗತ ಸಮಿತಿಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ವಯಸ್ಸು ನೋಡಿ ಅನ್ನುತ್ತಾರೆ ಕೆಲವರು, ಪಟ್ಟ ನೋಡಿ ಅನ್ನುತ್ತಾರೆ ಇನ್ನು ಕೆಲವರು.

ಮೊದಲು ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ಇಲ್ಲಿ ಇರುವುದು ಒಂದು ಪಟ್ಟಿ ಅಲ್ಲ, ಮೂರು. ಯಾರ ನಂತರ ಯಾರಿಗೆ ಪಟ್ಟ ಎನ್ನುವ ಉತ್ತರಾಧಿಕಾರದ ಪಟ್ಟಿ ಒಂದು. ಮನೆತನದೊಳಗೆ ಯಾರಿಗೆ ಮೊದಲ ಮರ್ಯಾದೆ ಎನ್ನುವುದು ಇನ್ನೊಂದು. ಆ ದಿನ, ಆ ವೇದಿಕೆಯಲ್ಲಿ, ಯಾರು ಯಾವ ಕುರ್ಚಿಯಲ್ಲಿ ಎನ್ನುವುದು ಮೂರನೆಯದು. ಜಗಳ ಹುಟ್ಟುವುದೇ ಈ ಮೂರನ್ನು ಒಂದೇ ಎಂದುಕೊಂಡಾಗ.

ಇದಕ್ಕೆ ಬಹಳ ಸ್ಪಷ್ಟವಾದ ಉದಾಹರಣೆ ಬ್ರಿಟನ್ನಿನದು. 2023ರ ಮೇ 6ರಂದು ಮೂರನೇ ಚಾರ್ಲ್ಸ್ ಅವರ ಪಟ್ಟಾಭಿಷೇಕ ನಡೆಯಿತು. ರಾಜನ ಕಿರಿಯ ಮಗ ಹ್ಯಾರಿ ಪಟ್ಟದ ಸಾಲಿನಲ್ಲಿ 5ನೆಯವರು. ರಾಜನ ತಂಗಿ ಆ್ಯನ್ ಆ ಸಾಲಿನಲ್ಲಿ ಬಹಳ ಹಿಂದೆ, ತಮಗಿಂತ ಹದಿಮೂರು ವರ್ಷಕ್ಕೂ ಹೆಚ್ಚು ಚಿಕ್ಕವರಾದ ತಮ್ಮ ಎಡ್ವರ್ಡ್ ಮತ್ತು ಅವರ ಮಕ್ಕಳಾದ ಮೇಲೆ. ಹೆಣ್ಣು ಗಂಡು ಭೇದ ತೆಗೆದ 2013ರ ಕಾನೂನು 2011ರ ಅಕ್ಟೋಬರ್ 28ರ ನಂತರ ಹುಟ್ಟಿದವರಿಗೆ ಮಾತ್ರ ಅನ್ವಯ, ಅದಕ್ಕೇ ಹೀಗೆ. ಆದರೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯೊಳಗೆ ಹ್ಯಾರಿ ಕೂತದ್ದು 3ನೇ ಸಾಲಿನಲ್ಲಿ, ಆ್ಯನ್ ಕೂತದ್ದು ಅವರ ಮುಂದೆ. ಸೇನೆಯ ಸಮವಸ್ತ್ರದಲ್ಲಿದ್ದ ಆ್ಯನ್ ಅವರ ಟೋಪಿಯ ಕೆಂಪು ಗರಿ ಟಿವಿಯಲ್ಲಿ ನೋಡಿದವರಿಗೆಲ್ಲ ನೆನಪಿರುತ್ತದೆ, ಹ್ಯಾರಿಯ ಮುಖಕ್ಕೇ ಅಡ್ಡ ಬಂದಿತ್ತು. ಪಟ್ಟಕ್ಕೆ ಯಾರು ಹತ್ತಿರ ಎಂದು ನೋಡಿ ಕೂರಿಸಿದ್ದರೆ ಇದು ತಲೆಕೆಳಗಾಗಬೇಕಿತ್ತು. ಅಲ್ಲಿ ಲೆಕ್ಕಕ್ಕೆ ಬಂದದ್ದು ಮನೆತನದ ಕೆಲಸದಲ್ಲಿ ಇಂದು ಯಾರು ನಿಂತಿದ್ದಾರೆ ಎನ್ನುವುದು.

ನಮ್ಮ ಬೇಲೂರು, ಹಳೇಬೀಡಿನ ಕಥೆಯೂ ಇದನ್ನೇ ಹೇಳುತ್ತದೆ. ವಿಷ್ಣುವರ್ಧನನ ಪಿರಿಯರಸಿ, ಪಟ್ಟಮಹಾದೇವಿ ಎಂದು ಶಾಸನಗಳು ಕರೆಯುವುದು ಶಾಂತಲೆಯನ್ನು. ಮುಂದೆ ಪಟ್ಟಕ್ಕೆ ಬಂದ ನರಸಿಂಹ ಹುಟ್ಟಿದ್ದು ಇನ್ನೊಬ್ಬ ರಾಣಿ ಲಕ್ಷ್ಮೀದೇವಿಗೆ. ಪಟ್ಟದ ರಾಣಿಯ ಸ್ಥಾನ ಬೇರೆ, ಪಟ್ಟಕ್ಕೆ ಬರುವವನ ತಾಯಿಯ ಸ್ಥಾನ ಬೇರೆ.

ಹಂತ 1: ಕಾರ್ಯಕ್ರಮ ಯಾರದು, ಅತಿಥಿ ಯಾವ ಹೆಸರಿನಲ್ಲಿ ಬರುತ್ತಿದ್ದಾರೆ?

ಕುರ್ಚಿ ಎಣಿಸುವ ಮೊದಲು ಇದನ್ನು ತೀರ್ಮಾನ ಮಾಡಿ. ಸರ್ಕಾರಿ ಕಾರ್ಯಕ್ರಮವಾದರೆ ದಾರಿ ಒಂದೇ. 1971ರ 26ನೇ ಸಂವಿಧಾನ ತಿದ್ದುಪಡಿಯಲ್ಲಿ ಹಿಂದಿನ ದೊರೆಗಳ ಮಾನ್ಯತೆ ಹೋಯಿತು, ಸರ್ಕಾರದಿಂದ ಅವರಿಗೆ ಬರುತ್ತಿದ್ದ ಹಣ, ಅಂದರೆ ರಾಜಧನವೂ ನಿಂತಿತು. ರಾಷ್ಟ್ರಪತಿ ಭವನದಿಂದ 1979ರಲ್ಲಿ ಹೊರಬಂದ, ಸರ್ಕಾರಿ ಸಮಾರಂಭಗಳಲ್ಲಿ ಯಾರ ನಂತರ ಯಾರು ಎಂದು ಹೇಳುವ ಅಗ್ರತಾ ಪಟ್ಟಿಯಲ್ಲಿ ಮಹಾರಾಜ ಎನ್ನುವ ಸ್ಥಾನವೇ ಇಲ್ಲ. ರಾಷ್ಟ್ರಪತಿ, ಉಪರಾಷ್ಟ್ರಪತಿ, ಪ್ರಧಾನಿ, ಆಯಾ ರಾಜ್ಯದೊಳಗೆ ರಾಜ್ಯಪಾಲರು, ಹೀಗೆ ಸಾಗುವ ಆ ಪಟ್ಟಿಯಲ್ಲಿ ಸಂಸದರು 21ನೇ ಸ್ಥಾನದಲ್ಲಿ ಬರುತ್ತಾರೆ. ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ್ 2024ರಿಂದ ಮೈಸೂರು ಕೊಡಗು ಕ್ಷೇತ್ರದ ಸಂಸದರು. ಸರ್ಕಾರಿ ವೇದಿಕೆಯಲ್ಲಿ ಅವರಿಗೆ ಸಿಗುವುದು ಸಂಸದರ ಕುರ್ಚಿ. ಅದೇ ವ್ಯಕ್ತಿ ಮಾರನೇ ದಿನ ದೇವಸ್ಥಾನದ ಟ್ರಸ್ಟ್ ನಡೆಸುವ ಖಾಸಗಿ ಕಾರ್ಯಕ್ರಮಕ್ಕೆ ಮನೆತನದ ಹಿರಿಯರಾಗಿ ಬಂದರೆ ನಡುವಿನ ಕುರ್ಚಿ ಕೊಡಲು ಯಾವ ಅಡ್ಡಿಯೂ ಇಲ್ಲ.

ಒಬ್ಬರೇ ಹಲವು ಸ್ಥಾನ ಹೊತ್ತದ್ದು ಹೊಸದೇನಲ್ಲ. ಅವರಿಗೂ ಹಿಂದೆ ಜಯಚಾಮರಾಜ ಒಡೆಯರ್ 1940ರಲ್ಲಿ ಮಹಾರಾಜರಾದರು, 1950ರಿಂದ 1956ರವರೆಗೆ ರಾಜಪ್ರಮುಖರು, ಅಂದರೆ ರಾಜ್ಯಪಾಲರಂತೆ ರಾಜ್ಯದ ಮುಖ್ಯಸ್ಥರಾಗಿದ್ದರು, ಆಮೇಲೆ ಮೈಸೂರು ರಾಜ್ಯದ ರಾಜ್ಯಪಾಲರಾದರು, 1964ರಲ್ಲಿ ಮದರಾಸಿಗೆ ಹೋದರು. ಅರಮನೆ ಒಂದೇ, ಅದರೊಳಗೆ ಇದ್ದವರೂ ಅವರೇ. ಆದರೂ ಯಾವ ಸಮಾರಂಭಕ್ಕೆ ಯಾವ ಸ್ಥಾನದಿಂದ ಬಂದರು ಎನ್ನುವುದರ ಮೇಲೆ ಸುತ್ತಲಿನವರ ಸಾಲು ಬದಲಾಗುತ್ತದೆ.

ಮಂತ್ರಿಗಳು, ಜಿಲ್ಲಾಧಿಕಾರಿಗಳು ಬರುವ ಹಾಗಿದ್ದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಶಿಷ್ಟಾಚಾರ ನೋಡಿಕೊಳ್ಳುವವರ ಹತ್ತಿರ ಕರಡು ಪಟ್ಟಿ ತೋರಿಸಿ. ಸುಮ್ನೆ ಫೋನಿನಲ್ಲಿ ಕೇಳಿದರೆ ಸಾಲದು, ಕಾಗದದಲ್ಲಿ ತೋರಿಸಿ. ಸರ್ಕಾರದ ಆಹ್ವಾನ ಪತ್ರಿಕೆಯಲ್ಲಿ ರಾಜಬಿರುದುಗಳನ್ನು ಹಾಕಬೇಡಿ, ಹೆಸರು ಮತ್ತು ಈಗಿನ ಹುದ್ದೆ ಸಾಕು. ಖಾಸಗಿ ಪತ್ರಿಕೆಯಲ್ಲಿ ಮನೆಯವರು ಹೇಳಿದ ಹಾಗೆ ಬರೆಯಿರಿ.

ಹಂತ 2: ಯಾರಿಂದ ಲೆಕ್ಕ ಶುರು ಮಾಡಬೇಕು?

ಮನೆತನದೊಳಗಿನ ಸಾಲಿಗೆ ಒಂದು ಕಂಬ ಬೇಕು. ಆ ಕಂಬ ಅಂದರೆ ಈಗಿನ ಯಜಮಾನರು. ಪ್ರತಿಯೊಬ್ಬರ ಸ್ಥಾನವನ್ನೂ ಅವರಿಗೆ ಏನಾಗಬೇಕು ಎಂದು ಕೇಳಿ ಗೊತ್ತು ಮಾಡಿಕೊಳ್ಳಿ. ತೀರಿಕೊಂಡ ಹಿಂದಿನ ಯಜಮಾನರಿಗೆ ಏನಾಗಬೇಕಿತ್ತು ಎನ್ನುವುದು ಇವತ್ತಿಗೆ ಬೇಡ. ಬ್ರಿಟನ್ನಿನಲ್ಲಿ ರಾಣಿ ಎಲಿಜಬೆತ್ ತೀರಿಕೊಂಡ 2022ರ ಸೆಪ್ಟೆಂಬರ್ 8ರ ಬೆಳಗ್ಗೆ ಎಡ್ವರ್ಡ್ ರಾಣಿಯ ಮಗ, ಆ ಸಂಜೆ ರಾಜನ ತಮ್ಮ. ಹಿಂದಿನ ದಿನದವರೆಗೆ ರಾಣಿಯ ಮೊಮ್ಮಕ್ಕಳಾಗಿದ್ದ ಕೆಲವರು ರಾಜನ ತಮ್ಮನ ಮಕ್ಕಳಾದರು, ಅಂದರೆ ಒಂದೇ ದಿನದಲ್ಲಿ ಹಿಂದೆ ಸರಿದರು. ಹಳೆಯ ಫೋಟೋ ನೋಡಿಕೊಂಡು, ಹೋದ ಸಲ ಹೀಗೆ ಕೂತಿದ್ದರು ಎಂದು ಅದೇ ಸಾಲು ಹಾಕಬಾರದು ಎನ್ನುವುದು ಇದಕ್ಕೇ. ನಡುವೆ ಯಜಮಾನಿಕೆ ಬದಲಾಗಿದ್ದರೆ ಸಾಲೂ ಬದಲಾಗಿರುತ್ತದೆ.

ಯಜಮಾನರು ದತ್ತು ಬಂದವರಾದರೆ ದತ್ತು ಬಂದ ಮನೆಯ ಸಂಬಂಧವೇ ಲೆಕ್ಕ. ಮೈಸೂರಿನಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ 2013ರಲ್ಲಿ ತೀರಿಕೊಂಡ ಮೇಲೆ ಪ್ರಮೋದಾದೇವಿ ಒಡೆಯರ್ 2015ರ ಫೆಬ್ರವರಿಯಲ್ಲಿ ಯದುವೀರರನ್ನು ದತ್ತು ತೆಗೆದುಕೊಂಡರು, ಮೇ 28ರಂದು ಪಟ್ಟಾಭಿಷೇಕವಾಯಿತು. ಅಲ್ಲಿಂದ ತಾಯಿಯ ಸ್ಥಾನ ಪ್ರಮೋದಾದೇವಿಯವರದು. ದತ್ತು ಹೋದವರ ಹೆತ್ತವರೂ ನಿಮ್ಮ ಕಾರ್ಯಕ್ರಮಕ್ಕೆ ಬರುವುದಿದ್ದರೆ ಮುಂದಿನ ಸಾಲಿನಲ್ಲಿ ಗೌರವದ ಜಾಗ ಇಡಿ, ಆದರೆ ತಾಯಿಯ ಕುರ್ಚಿ ಎರಡು ಮಾಡಬೇಡಿ.

ಪಟ್ಟ ಸಿಕ್ಕವರು ಇನ್ನೂ ಮಗುವಾದರೆ? ನಾಲ್ವಡಿ ಕೃಷ್ಣರಾಜ ಒಡೆಯರಿಗೆ ತಂದೆ ತೀರಿಕೊಂಡಾಗ ಹತ್ತು ವರ್ಷ. 1902ರವರೆಗೆ ಆಡಳಿತ ನೋಡಿಕೊಂಡದ್ದು ತಾಯಿ ವಾಣಿವಿಲಾಸ ಸನ್ನಿಧಾನ. ಕೆಲಸ ತಾಯಿಯದು, ಪಟ್ಟ ಮಗನದು. ಇಂಥ ಮನೆಯಲ್ಲಿ ಕಂಬ ಮಗುವೇ, ಅದರ ಪಕ್ಕದ ಕುರ್ಚಿ ತಾಯಿಯದು.

ಹಂತ 3: ಮನೆಯೊಳಗಿನ ಸಾಲು

ಇದು ಎಲ್ಲಕ್ಕಿಂತ ಸೂಕ್ಷ್ಮ, ನಿಧಾನವಾಗಿ ಓದಿ. ಎಲ್ಲ ಮನೆಗೂ ಒಂದೇ ನಿಯಮ ಎನ್ನುವುದು ಇಲ್ಲ.

ತಾಯಿ ಮೊದಲೋ ಹೆಂಡತಿ ಮೊದಲೋ ಎಂಬ ಪ್ರಶ್ನೆ ಮೊದಲು ಬರುತ್ತದೆ. ಬ್ರಿಟನ್ನಿನ ರೂಢಿಯಲ್ಲಿ ಈಗಿನ ರಾಜನ ಹೆಂಡತಿ ಮುಂದೆ, ಹಿಂದಿನ ರಾಜನ ವಿಧವೆ ನಂತರ. ರಷ್ಯಾದಲ್ಲಿ ಇದು ಉಲ್ಟಾ ಇತ್ತು. ಕೊನೆಯ ಚಕ್ರವರ್ತಿ ಎರಡನೇ ನಿಕೊಲಾಸ್ ಕಾಲದಲ್ಲೂ ಅವನ ತಾಯಿ ಮರಿಯಾ, ಹೆಂಡತಿ ಅಲೆಕ್ಸಾಂಡ್ರಾಗಿಂತ ಮುಂದೆ. ಮಗ ತಾಯಿಯ ಕೈ ಹಿಡಿದು ಬರುತ್ತಿದ್ದ, ಸೊಸೆ ಹಿಂದೆ ಬರುತ್ತಿದ್ದಳು. ಅತ್ತೆ ಸೊಸೆ ನಡುವೆ ಅದು ಎಷ್ಟು ಕಸಿವಿಸಿ ತಂದಿರಬೇಕು ಎಂದು ನಮ್ಮ ಹೆಣ್ಣುಮಕ್ಕಳಿಗೆ ಹೇಳಬೇಕಾಗಿಲ್ಲ. ನಮ್ಮ ಕಡೆ ಮನೆಗಳಲ್ಲಿ ತಾಯಿಗೇ ಮೊದಲ ಮರ್ಯಾದೆ, ಮಗ ತಾನು ಕೂರುವ ಮೊದಲು ಅಮ್ಮ ಕೂತರಾ ಎಂದು ನೋಡುತ್ತಾನೆ. ಹಾಗಾಗಿ ಬೇರೆ ಸೂಚನೆ ಇಲ್ಲದಿದ್ದರೆ ಯಜಮಾನರ ಪಕ್ಕ ರಾಜಮಾತೆ, ಆಮೇಲೆ ಪತ್ನಿ. ಜಾಗ ಇದ್ದರೆ ಯಜಮಾನರ ಬಲಕ್ಕೆ ತಾಯಿ, ಎಡಕ್ಕೆ ಪತ್ನಿ ಕೂರಿಸಿದರೆ ಪ್ರಶ್ನೆಯೇ ಏಳುವುದಿಲ್ಲ. ನನಗೆ ಇದೇ ಅತ್ಯಂತ ಸರಿ ಅನ್ನಿಸುತ್ತದೆ. ಗಂಡನ ಎಡಕ್ಕೆ ಹೆಂಡತಿ ಎನ್ನುವ ನಮ್ಮ ಪದ್ಧತಿಗೂ ಹೊಂದುತ್ತದೆ.

ಆಮೇಲೆ ಚಿಕ್ಕಪ್ಪ, ತಮ್ಮ, ಮಗ. ಇಂಗ್ಲೆಂಡಿನ ಹಳೆಯ ಕ್ರಮದಲ್ಲಿ ರಾಜನ ಗಂಡುಮಕ್ಕಳು, ಮೊಮ್ಮಕ್ಕಳು, ಅಣ್ಣತಮ್ಮಂದಿರು, ಅವರಾದ ಮೇಲೆ ತಂದೆಯ ಸಹೋದರರು. 1539ರಲ್ಲಿ ಎಂಟನೇ ಹೆನ್ರಿ ಇದಕ್ಕಾಗಿ ಒಂದು ಕಾಯ್ದೆಯನ್ನೇ ತಂದ, ಪಾರ್ಲಿಮೆಂಟಿನಲ್ಲಿ ಸಿಂಹಾಸನದ ಅಕ್ಕಪಕ್ಕ ರಾಜನ ಮಕ್ಕಳಲ್ಲದೆ ಬೇರೆ ಯಾರೂ ಕೂರಬಾರದು ಎಂದು ಅದರಲ್ಲಿ ಬರೆಸಿದ. ನಮ್ಮಲ್ಲಿ ಎಂಟು ವರ್ಷದ ಮಗನನ್ನು ಎಪ್ಪತ್ತು ವರ್ಷದ ಚಿಕ್ಕಪ್ಪನಿಗಿಂತ ಮುಂದೆ ಕೂರಿಸಿದರೆ ಆ ಮಗುವಿನ ತಂದೆಗೇ ಮುಜುಗರ ಆಗುತ್ತದೆ, ಅಲ್ವಾ? ಹಾಗಾಗಿ ತಲೆಮಾರು ನೋಡಿ ಇಡಿ: ಯಜಮಾನರು, ತಾಯಿ, ಪತ್ನಿ, ತಂದೆಯ ತಲೆಮಾರಿನವರು, ಅಣ್ಣತಮ್ಮ ಅಕ್ಕತಂಗಿಯರು, ಆಮೇಲೆ ಮಕ್ಕಳು. ಒಂದೇ ತಲೆಮಾರಿನೊಳಗೆ ವಯಸ್ಸು ನೋಡಿ. ಆದರೆ ಮಗನನ್ನು ಯುವರಾಜ ಎಂದು ವಿಧಿವತ್ತಾಗಿ ಗುರುತಿಸಿ, ಅವರು ದೊಡ್ಡವರಾಗಿದ್ದರೆ ಅವರ ಜಾಗ ಪತ್ನಿಯ ನಂತರ, ಚಿಕ್ಕಪ್ಪನಿಗಿಂತ ಮೊದಲು.

ಕೊಟ್ಟ ಹೆಣ್ಣುಮಗಳ ಸ್ಥಾನ ಹುಟ್ಟಿನಿಂದ ಬಂದದ್ದು, ಮದುವೆಯಿಂದ ಹೋಗುವುದಿಲ್ಲ. ತವರಿನ ಕಾರ್ಯಕ್ರಮದಲ್ಲಿ ಅಕ್ಕ ಅಕ್ಕನೇ. ಅವರ ಗಂಡನ ವಿಷಯಕ್ಕೆ ಬಂದರೆ ಬ್ರಿಟನ್ನಿನಲ್ಲಿ ಹೆಂಡತಿಗೆ ಗಂಡನ ಸ್ಥಾನ ಬರುತ್ತದೆ, ಗಂಡನಿಗೆ ಹೆಂಡತಿಯದು ತಾನಾಗಿ ಬರುವುದಿಲ್ಲ. ರಾಣಿ ಎಲಿಜಬೆತ್ ಪಟ್ಟಕ್ಕೆ ಬಂದಾಗ ಪತಿ ಫಿಲಿಪ್ ಅವರಿಗೆ ತಮ್ಮ ಪಕ್ಕದ ಸ್ಥಾನ ಕೊಡಲು 1952ರ ಸೆಪ್ಟೆಂಬರ್‌ನಲ್ಲಿ ಪ್ರತ್ಯೇಕ ಆದೇಶವನ್ನೇ ಹೊರಡಿಸಬೇಕಾಯಿತು. ಆ್ಯನ್ ಅವರ ಗಂಡನಿಗೆ ಇಂದಿಗೂ ರಾಜಕುಮಾರ ಎಂಬ ಬಿರುದಿಲ್ಲ. ನಮ್ಮಲ್ಲಿ ಅಳಿಯನಿಗೆ ಇರುವ ಮರ್ಯಾದೆ ಗೊತ್ತೇ ಇದೆ. ಭಾವನನ್ನು ಅಕ್ಕನ ಪಕ್ಕವೇ ಕೂರಿಸಿ, ದಂಪತಿಯನ್ನು ಬೇರೆ ಬೇರೆ ಸಾಲಿಗೆ ಹಾಕಬೇಡಿ. ತೀರಿಕೊಂಡ ತಮ್ಮನ ಹೆಂಡತಿ ಬಂದರೆ ತಮ್ಮ ಇದ್ದಿದ್ದರೆ ಎಲ್ಲಿ ಕೂರುತ್ತಿದ್ದರೋ ಅಲ್ಲೇ ಅವರಿಗೆ ಜಾಗ. ವಿಧವೆ ಎಂದು ಮೂಲೆಗೆ ಸರಿಸುವ ಕೆಟ್ಟ ಅಭ್ಯಾಸ ಇನ್ನೂ ಕೆಲವು ಸಮಿತಿಗಳಲ್ಲಿದೆ. ಅದನ್ನು ಖಂಡಿತ ಬಿಡಬೇಕು.

ವಿಚ್ಛೇದನ ಆಗಿದ್ದರೆ ನೀವು ತೀರ್ಮಾನ ಮಾಡಲು ಹೋಗಬೇಡಿ. 1996ರಲ್ಲಿ ಡಯಾನಾ ಅವರ ಬಿರುದಿನ ಒಂದು ಭಾಗ ಹೋಯಿತು, ಆದರೆ ಇಬ್ಬರು ರಾಜಕುಮಾರರ ತಾಯಿ ಎಂಬ ಕಾರಣಕ್ಕೆ ಅವರನ್ನು ಮನೆತನದವರೆಂದೇ ಕಾಣಲಾಗುವುದು ಎಂದು ಅರಮನೆ ಹೇಳಿತು. ಇಂಥ ನಾಜೂಕಿನ ಮಾತು ಮನೆಯವರಿಂದಲೇ ಬರಬೇಕು.

ಇನ್ನೊಂದು ಮುಖ್ಯ ವಿಷಯ, ಇದನ್ನು ಮರೆಯುವವರೇ ಜಾಸ್ತಿ. ಅಳಿಯಸಂತಾನದ ಮನೆಯಾದರೆ ಮೇಲಿನ ಲೆಕ್ಕವೆಲ್ಲ ಬದಲಾಗುತ್ತದೆ. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕಳಸದಲ್ಲೇ ಆಳಿದ ಭೈರರಸರದು ಅಳಿಯಸಂತಾನ, ಪಟ್ಟ ಹೋಗುತ್ತಿದ್ದದ್ದು ಸೋದರಳಿಯನಿಗೆ. ತಿರುವಾಂಕೂರಿನಲ್ಲಿ ರಾಜನ ಹೆಂಡತಿ ಅಮ್ಮಚ್ಚಿ, ಅವರಿಗೆ ರಾಣಿಯ ಸ್ಥಾನವಿಲ್ಲ. ಮಹಾರಾಣಿ ಅಂದರೆ ಮನೆಯ ಹೆಣ್ಣುಮಗಳು. 1924ರಲ್ಲಿ ಬಾಲಕ ಚಿತ್ತಿರ ತಿರುನಾಳ್‌ಗೆ ಪಟ್ಟ ಬಂದಾಗ ಅವನ ಪರವಾಗಿ ಆಳಿದ್ದು ಅವನ ತಾಯಿ ಕಿರಿಯ ಮಹಾರಾಣಿ ಸೇತು ಪಾರ್ವತಿ ಬಾಯಿ ಅಲ್ಲ, ಹಿರಿಯ ಮಹಾರಾಣಿ ಸೇತು ಲಕ್ಷ್ಮೀ ಬಾಯಿ, 1931ರವರೆಗೆ. ರಾಜನ ತಾಯಿ ಇದ್ದರೂ ಹಿರಿಯ ರಾಣಿಗೇ ಮೊದಲ ಸ್ಥಾನ. ಕರಾವಳಿ ಕಡೆಯಿಂದ ಘಟ್ಟ ಹತ್ತಿ ಬರುವ ಅರಸು ಮನೆಯವರನ್ನು ಕರೆಯುವಾಗ ಅವರ ಸಂತಾನ ಪದ್ಧತಿ ಯಾವುದು ಎಂದು ಮೊದಲೇ ಕೇಳಿಕೊಳ್ಳಿ. ಅಲ್ಲಿ ಯಜಮಾನರ ಅಕ್ಕತಂಗಿ ಮತ್ತು ಅವರ ಮಗ, ಯಜಮಾನರ ಸ್ವಂತ ಹೆಂಡತಿ ಮಕ್ಕಳಿಗಿಂತ ಮುಂದೆ ಇರಬಹುದು.

ಯಾರನ್ನು ಕೇಳುವುದು? ಯಜಮಾನರನ್ನೇ ನೇರ ಕೇಳಬೇಡಿ, ಅಮ್ಮ ಮುಂದೋ ಹೆಂಡತಿ ಮುಂದೋ ಎಂದು ಅವರ ಬಾಯಿಂದ ಹೇಳಿಸುವುದು ಸರಿಯಲ್ಲ. ಅವರ ಕಾರ್ಯದರ್ಶಿ, ಮನೆಯ ಪುರೋಹಿತರು, ಇಲ್ಲವೇ ಮದುವೆ ಮುಂಜಿಗಳಲ್ಲಿ ಓಡಾಡುವ ಹಿರಿಯ ಬಂಧು ಒಬ್ಬರು ಇರುತ್ತಾರೆ. ಹೀಗೆ ಕೇಳಿ: ಮನೆಯಲ್ಲಿ ಆರತಿ ತಟ್ಟೆ ಯಾರಿಂದ ಶುರುವಾಗಿ ಯಾರ ಹತ್ತಿರ ಹೋಗುತ್ತದೆ, ತಾಂಬೂಲ ಯಾವ ಕ್ರಮದಲ್ಲಿ ಕೊಡುತ್ತೀರಿ? ಈ ಎರಡಕ್ಕೆ ಸಿಗುವ ಉತ್ತರವೇ ನಿಮ್ಮ ಸಾಲು. ಅದನ್ನು ಬರೆದುಕೊಂಡು ವಾಟ್ಸಾಪ್‌ನಲ್ಲಿ ಅವರಿಗೇ ವಾಪಸ್ ಕಳಿಸಿ, ಸರಿ ಎಂದು ಉತ್ತರ ಬಂದ ಮೇಲೆ ಮುಂದುವರಿಯಿರಿ.

ಹಂತ 4: ವೇದಿಕೆಯ ಕುರ್ಚಿಗಳು

ಬೇಲೂರು ಚೆನ್ನಕೇಶವ ಗುಡಿಯ ಪೂರ್ವ ಬಾಗಿಲಿನ ಅಕ್ಕಪಕ್ಕದ ಕಲ್ಲಿನ ಜಾಲಂಧ್ರಗಳನ್ನು ನೋಡಿದ್ದೀರಾ? ಒಡ್ಡೋಲಗದ ದೃಶ್ಯ ಅಲ್ಲಿದೆ. ನಡುವೆ ಅರಸ, ಪಕ್ಕದಲ್ಲಿ ರಾಣಿ, ಹಿಂದೆ ಚಾಮರ ಹಿಡಿದವರು, ಅಲ್ಲಿಂದ ಆಚೆ ಉಳಿದವರು. ಇವತ್ತಿನ ವೇದಿಕೆಗೂ ನಿಯಮ ಅದೇ: ನಡು ಎತ್ತರ, ಅಲ್ಲಿಂದ ದೂರ ಹೋದಷ್ಟೂ ಸ್ಥಾನ ಇಳಿಯುತ್ತದೆ. ನಡುವಿನವರ ಬಲಗಡೆ 2, ಎಡಗಡೆ 3, ಮತ್ತೆ ಬಲಕ್ಕೆ 4, ಎಡಕ್ಕೆ 5.

ಬಲ ಅಂದರೆ ಕೂತವರ ಬಲ. ಸಭಿಕರಿಗೆ ಅದು ಎಡಗಡೆ ಕಾಣುತ್ತದೆ. ನಕ್ಷೆ ಬರೆಯುವವನು ಸಭೆಯಿಂದ ನೋಡಿ ಬರೆಯುತ್ತಾನೆ, ಕುರ್ಚಿ ಹಾಕುವವನು ವೇದಿಕೆ ಮೇಲೆ ನಿಂತಿರುತ್ತಾನೆ, ಎಲ್ಲ ತಿರುವುಮುರುವಾಗುತ್ತದೆ. ನಕ್ಷೆಯಲ್ಲಿ ಸಭೆ ಯಾವ ಕಡೆ ಎಂದು ದೊಡ್ಡದಾಗಿ ಬರೆಯಿರಿ.

ಸ್ವಾಮೀಜಿಯವರು ಇದ್ದರೆ ಅವರ ಪೀಠ ಬೇರೆ, ಎತ್ತರ ಬೇರೆ. ಈ ನಾಡಿನಲ್ಲಿ ದೊರೆಗಿಂತ ಗುರು ಮೇಲೆ, ಇದರಲ್ಲಿ ಗೊಂದಲವೇ ಇಲ್ಲ. ಶೃಂಗೇರಿಯಲ್ಲಿ ನವರಾತ್ರಿಯ ಹೊತ್ತಿಗೆ ಜಗದ್ಗುರುಗಳದ್ದೇ ದರ್ಬಾರು ನಡೆಯುತ್ತದೆ. ಸನ್ಯಾಸಿಗಳ ಪಕ್ಕಕ್ಕೇ ಹೆಣ್ಣುಮಕ್ಕಳ ಕುರ್ಚಿ ಹಾಕುವ ಮೊದಲು ಮಠದವರನ್ನು ಕೇಳಿ.

ಈಗ ಒಂದು ಲೆಕ್ಕ ಮಾಡಿಯೇ ನೋಡೋಣ. ಹಾಸನಾಂಬ ಕಲಾಕ್ಷೇತ್ರದಲ್ಲಿ ಒಂದು ಶಾಲೆಯ ಶತಮಾನೋತ್ಸವ, ನಡೆಸುವುದು ಖಾಸಗಿ ಸಮಿತಿ. ಬರುವವರು ಸ್ವಾಮೀಜಿ, ಶಾಸಕರು, ಸಮಿತಿ ಅಧ್ಯಕ್ಷರು, ಮುಖ್ಯ ಶಿಕ್ಷಕರು, ಮತ್ತೆ ಮೇಲೆ ಹೇಳಿದ ಮನೆತನದ ಏಳು ಜನ. ಎಲ್ಲರನ್ನೂ ವೇದಿಕೆಗೆ ಹತ್ತಿಸಿದರೆ ಹನ್ನೊಂದು ಆಗುತ್ತದೆ. ಅಷ್ಟು ಬೇಡ. ಎಲ್ಲಿ ಕತ್ತರಿಸಬೇಕು ಎನ್ನುವುದೇ ಇಲ್ಲಿನ ಜಾಣತನ. ಒಂದೇ ತಲೆಮಾರಿನಲ್ಲಿ ಅರ್ಧ ಜನ ಮೇಲೆ, ಅರ್ಧ ಜನ ಕೆಳಗೆ ಆಗಬಾರದು. ಹಾಗಾಗಿ ಯಜಮಾನರು, ತಾಯಿ, ಪತ್ನಿ, ಚಿಕ್ಕಪ್ಪ ವೇದಿಕೆಗೆ. ಅಕ್ಕ, ಭಾವ, ಮಗ ಕೆಳಗೆ ಮೊದಲ ಸಾಲಿನ ನಡುಭಾಗಕ್ಕೆ.

ನಡುವೆ ಸ್ವಾಮೀಜಿಯವರ ಪೀಠ. ಅವರ ಬಲಕ್ಕೆ ಯಜಮಾನರು, ಆಮೇಲೆ ರಾಜಮಾತೆ, ಪತ್ನಿ, ಚಿಕ್ಕಪ್ಪ, ಹೀಗೆ ಮನೆತನ ಒಂದೇ ಕಡೆ. ಇಲ್ಲಿ ಪೀಠದ ಪಕ್ಕದ ಕುರ್ಚಿಗೆ ಹೆಣ್ಣುಮಕ್ಕಳು ಬೇಡ ಎಂದು ಮಠದವರು ಹೇಳಿದ್ದಾರೆ ಎಂದಿಟ್ಟುಕೊಳ್ಳಿ, ಅದಕ್ಕೇ ತಾಯಿಯನ್ನು ಮಗನ ಬಲಕ್ಕೆ ಇಟ್ಟು, ಸೊಸೆಯನ್ನು ಅವರ ಪಕ್ಕಕ್ಕೆ ತಂದದ್ದು. ಸ್ವಾಮೀಜಿಯವರ ಎಡಕ್ಕೆ ಅಧ್ಯಕ್ಷತೆ ವಹಿಸುವ ಸಮಿತಿ ಅಧ್ಯಕ್ಷರು, ಶಾಸಕರು, ಮುಖ್ಯ ಶಿಕ್ಷಕರು. ಶಾಸಕರೇ ಅಧ್ಯಕ್ಷತೆ ವಹಿಸಿದರೆ ಆ ಇಬ್ಬರನ್ನು ಅದಲು ಬದಲು ಮಾಡಿ. ಮನೆತನದವರ ನಡುವೆ ಹೊರಗಿನವರನ್ನು ತೂರಿಸಬೇಡಿ, ಫೋಟೋದಲ್ಲಿ ಅದು ಎದ್ದು ಕಾಣುತ್ತದೆ, ಅವರಿಗೂ ಮಾತಾಡಲು ಕಷ್ಟ.

ಮಗುವನ್ನು ಕೆಳಗೆ ಅತ್ತೆಯ ಪಕ್ಕ ಕೂರಿಸಿದ್ದು ಅಗೌರವ ಅಲ್ಲ. ಎರಡು ಮೂರು ಗಂಟೆ ಭಾಷಣದ ನಡುವೆ ಎಂಟು ವರ್ಷದ ಮಗು ವೇದಿಕೆಯಲ್ಲಿ ಅಲ್ಲಾಡದೆ ಕೂರುವುದು ಸಾಧ್ಯವಾ? ಚಾರ್ಲ್ಸ್ ಪಟ್ಟಾಭಿಷೇಕದಲ್ಲಿ ಐದು ವರ್ಷದ ಮೊಮ್ಮಗ ಲೂಯಿಯನ್ನು ನಡುವೆ ಹೊರಗೆ ಕರೆದುಕೊಂಡು ಹೋಗಿ ಆಮೇಲೆ ವಾಪಸ್ ಕರೆತಂದರು. ಸನ್ಮಾನದ ಹೊತ್ತಿಗೆ ಹೆಸರು ಹೇಳಿ ವೇದಿಕೆಗೆ ಕರೆಯಿರಿ, ಸಭೆಯೂ ಖುಷಿಪಡುತ್ತದೆ.

ಕುರ್ಚಿಗಳ ಬಗ್ಗೆ ಒಂದು ಮಾತು. ಶಾಮಿಯಾನದವರು ಕೆತ್ತನೆಯ ದೊಡ್ಡ ಕುರ್ಚಿ ಎರಡು ತಂದು ಉಳಿದವು ಪ್ಲಾಸ್ಟಿಕ್ ತರುತ್ತಾರೆ. ಆ ಎರಡರಲ್ಲಿ ಯಜಮಾನರು ಮತ್ತು ತಾಯಿ ಕೂತರೆ ಪತ್ನಿಗೆ ಪ್ಲಾಸ್ಟಿಕ್ ಕುರ್ಚಿ. ಹೀಗೆ ಮಾಡಬೇಡಿ. ಪೀಠ ಒಂದು ಬಿಟ್ಟು ಉಳಿದದ್ದೆಲ್ಲ ಒಂದೇ ಥರ ಇರಲಿ. ವಯಸ್ಸಾದವರಿಗೆ ಕೈ ಇರುವ, ತುಂಬ ತಗ್ಗಲ್ಲದ ಕುರ್ಚಿ ಬೇಕು. ವೇದಿಕೆಯ ಮೆಟ್ಟಿಲಿಗೆ ಹಿಡಿಕೆ ಇದೆಯಾ ನೋಡಿ.

ಎರಡು ಮೂರು ಮನೆತನ ಒಟ್ಟಿಗೆ ಬಂದರೆ

ದೊಡ್ಡ ಸಂಸ್ಥಾನ, ಚಿಕ್ಕ ಸಂಸ್ಥಾನ ಎಂದು ತೂಗಲು ಹೋಗಬೇಡಿ. ಬ್ರಿಟಿಷರ ಕಾಲದಲ್ಲಿ ತೋಪಿನ ಸಲಾಮಿನ ಲೆಕ್ಕ ಇತ್ತು. 21 ತೋಪಿನ ಗೌರವ ಇದ್ದದ್ದು ಮೈಸೂರು, ಹೈದರಾಬಾದ್, ಬರೋಡ, ಗ್ವಾಲಿಯರ್, ಜಮ್ಮು ಕಾಶ್ಮೀರ ಈ ಐದಕ್ಕೆ. ಇವತ್ತು ಆ ಲೆಕ್ಕ ಹಿಡಿದು ಕೂರಿಸಿದರೆ ಸಣ್ಣ ಮನೆತನದವರಿಗೆ ಸುಮ್ನೆ ನೋವು. ಈಗಿನ ಯಜಮಾನರು ಎಂದು ಯಜಮಾನಿಕೆಗೆ ಬಂದರು ಎನ್ನುವುದನ್ನು ನೋಡಿ, ಮೊದಲು ಬಂದವರು ಮೊದಲು. ಬೇರೆ ಬೇರೆ ದೇಶದ ರಾಜರ ನಡುವೆಯೂ ಸಾಮಾನ್ಯವಾಗಿ ನಡೆಯುವ ಕ್ರಮ ಇದೇ. 2022ರಲ್ಲಿ ಎಲಿಜಬೆತ್ ರಾಣಿಯ ಅಂತ್ಯಸಂಸ್ಕಾರದಲ್ಲಿ 1972ರಿಂದ ಆಳುತ್ತಿದ್ದ ಡೆನ್ಮಾರ್ಕಿನ ಮಾರ್ಗರೆಥೆ ಮೊದಲ ಸಾಲಿನಲ್ಲಿ ಕೂತರು. ಅಮೆರಿಕದ ಅಧ್ಯಕ್ಷ ಬೈಡನ್ ಕೂತದ್ದು 14ನೇ ಸಾಲಿನಲ್ಲಿ. ದೇಶದ ಗಾತ್ರ ಅಲ್ಲಿ ಲೆಕ್ಕಕ್ಕೇ ಬರಲಿಲ್ಲ. ಸ್ಥಳೀಯ ಮನೆತನ ಇದ್ದರೆ, ಅದು ಎಷ್ಟೇ ಸಣ್ಣದಿರಲಿ, ಆ ಊರಿನ ದೇವಸ್ಥಾನದ ಕೆಲಸದಲ್ಲಿ ಅವರಿಗೇ ಮೊದಲ ಮರ್ಯಾದೆ ಇರುವುದು ವಾಡಿಕೆ, ಅದನ್ನು ಹೊರಗಿನಿಂದ ಬರುವ ದೊಡ್ಡವರಿಗೆ ಮುಂಚೆಯೇ ತಿಳಿಸಿಬಿಡಿ. ಬಹಳ ಮಂದಿ ಸಂತೋಷದಿಂದ ಒಪ್ಪುತ್ತಾರೆ.

ಆಹ್ವಾನ ಪತ್ರಿಕೆ, ಭಾಷಣ, ಸನ್ಮಾನ

ಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಕೂರುವ ನಕ್ಷೆ ಸಿದ್ಧವಾಗಿರಬೇಕು. ಯಾಕೆಂದರೆ ಜನ ಪತ್ರಿಕೆಯಲ್ಲಿ ನೋಡಿದ ಸಾಲನ್ನೇ ವೇದಿಕೆಯಲ್ಲೂ ಹುಡುಕುತ್ತಾರೆ. ದಿವ್ಯ ಸಾನ್ನಿಧ್ಯ, ಉದ್ಘಾಟನೆ, ಅಧ್ಯಕ್ಷತೆ, ಘನ ಉಪಸ್ಥಿತಿ, ಮುಖ್ಯ ಅತಿಥಿಗಳು ಎಂಬ ತಲೆಬರಹಗಳಲ್ಲಿ ಮನೆತನದ ಯಜಮಾನರಿಗೆ ಉದ್ಘಾಟನೆ ಕೊಡಿ. ತಾಯಿಯ ಹೆಸರು ಘನ ಉಪಸ್ಥಿತಿಯಲ್ಲಿ, ಒಂಟಿಯಾಗಿ, ಅದೇ ಅಕ್ಷರದ ಗಾತ್ರದಲ್ಲಿ.

ಹಾರ, ಶಾಲು, ಪೇಟ, ಫಲತಾಂಬೂಲ ಮೇಲಿನಿಂದ ಕೆಳಕ್ಕೆ ಬರುತ್ತವೆ. ಭಾಷಣ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ, ಅಧ್ಯಕ್ಷರ ಮಾತು ಕೊನೆಗೆ, ಸ್ವಾಮೀಜಿಯವರ ಆಶೀರ್ವಚನ ಇದ್ದರೆ ಅದು ಎಲ್ಲಿ ಎಂದು ಅವರನ್ನೇ ಕೇಳಿ. ನಿರೂಪಕರ ಕೈಗೆ ಹೆಸರು, ಕರೆಯುವ ರೀತಿ ಎರಡನ್ನೂ ಬರೆದು ಕೊಡಿ. ಸಂಬೋಧನೆಗೆ ಮನೆಯವರು ಒಪ್ಪಿದ ಮಾತು ಒಂದೇ ಇರಲಿ, ಒಬ್ಬರು ಮಹಾರಾಜರು ಎನ್ನುವುದು, ಇನ್ನೊಬ್ಬರು ಬರೀ ಹೆಸರು ಹಿಡಿಯುವುದು ಬೇಡ. ತಾಯಿಗೆ ಹಾರ ಹಾಕಲು ಸಮಿತಿಯ ಹೆಣ್ಣುಮಕ್ಕಳನ್ನು ಕಳಿಸಿ.

ಊಟ

ಬಾಳೆ ಎಲೆ ಊಟವಾದರೆ ಪಂಕ್ತಿಯ ತುದಿಯಿಂದ ಲೆಕ್ಕ. ಮೊದಲ ಎಲೆ ಹಿರಿಯರದು, ಬಡಿಸುವುದೂ ಅಲ್ಲಿಂದಲೇ ಶುರು. ಬಡಿಸುವ ಹುಡುಗರಿಗೆ ಇದನ್ನು ಹೇಳಿರದಿದ್ದರೆ ಅವರು ಅಡುಗೆಮನೆಗೆ ಹತ್ತಿರದ ತುದಿಯಿಂದ ಶುರು ಮಾಡುತ್ತಾರೆ, ಹಿರಿಯರಿಗೆ ಪಲ್ಯ ಬರುವ ಹೊತ್ತಿಗೆ ಆ ತುದಿಯವರು ಅನ್ನ ಕಲಸುತ್ತಿರುತ್ತಾರೆ. ಹಾಗಾಗಿ ಮೊದಲ ಎಲೆಯನ್ನೇ ಅಡುಗೆಮನೆ ಕಡೆಯ ತುದಿಗೆ ಹಾಕಿಸಿ. ಹಿರಿಯರು ಏಳುವವರೆಗೆ ಪಂಕ್ತಿಯಲ್ಲಿ ಬೇರೆಯವರು ಏಳುವುದಿಲ್ಲ, ಬೇಗ ಊಟ ಮುಗಿಸುವ ಶಾಸಕರ ಬೆಂಬಲಿಗರನ್ನು ಆ ಪಂಕ್ತಿಗೆ ಕೂರಿಸಬೇಡಿ. ಮೇಜಿನ ಊಟವಾದರೆ ಕಾರ್ಯಕ್ರಮ ನಡೆಸುವವರು ಉದ್ದ ಬದಿಯ ನಡುವೆ, ಅವರ ಬಲಕ್ಕೆ ಯಜಮಾನರು. ಗಂಡ ಹೆಂಡತಿಯನ್ನು ಬೇರೆ ಬೇರೆ ಕೂರಿಸುವ ಪಾಶ್ಚಾತ್ಯ ಪದ್ಧತಿ ನಮ್ಮಲ್ಲಿ ಬೇಡ. ವಯಸ್ಸಾದ ತಾಯಂದಿರು ಬೇರೆ ಕೋಣೆಯಲ್ಲಿ ಊಟ ಬಯಸಬಹುದು, ಅಲ್ಲೂ ಒಂದು ಎಲೆ ಸಿದ್ಧ ಇರಲಿ.

ಆ ದಿನ

ನಾಮಫಲಕವನ್ನು ಎರಡೂ ಕಡೆ ಬರೆಸಿ, ಕೂರುವವರಿಗೂ ಕಾಣಬೇಕು. ಖಾಲಿ ಫಲಕ ನಾಲ್ಕು, ಒಂದು ಮಾರ್ಕರ್ ಪೆನ್ನು ನಿಮ್ಮ ಜೇಬಿನಲ್ಲಿ. ಮೊದಲ ಸಾಲಿನಲ್ಲಿ ಎರಡು ಕುರ್ಚಿ ಹೆಚ್ಚಿಗೆ ಕಾಯ್ದಿಡಿ, ಹೇಳದೆ ಬರುವ ಬಂಧುಗಳು ಇದ್ದೇ ಇರುತ್ತಾರೆ. ಬರಲಾಗದವರ ಕುರ್ಚಿ ತೆಗೆದು ಉಳಿದವನ್ನು ಸರಿಸಿ ಕೂಡಿಸಿ, ನಡುವೆ ಖಾಲಿ ಬಿಡಬೇಡಿ. ಆದರೆ ತಡವಾಗಿ ಬರುವವರ ಕುರ್ಚಿ ತೆಗೆಯಬೇಡಿ. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ದಾಟಿ ಬರುವವರು ಹೇಳಿದ ಹೊತ್ತಿಗೆ ಬರುತ್ತಾರೆ ಎಂದು ನಂಬಿ ಕೂರಲು ಆಗುವುದಿಲ್ಲ.

ಉಳಿದ ಅತಿಥಿಗಳೆಲ್ಲ ಕೂತ ಮೇಲೆ ಮನೆತನದವರು, ಎಲ್ಲರಿಗಿಂತ ಕೊನೆಗೆ ಸ್ವಾಮೀಜಿ ಬರಬೇಕು. ಹೋಗುವಾಗ ಉಲ್ಟಾ, ಹಿರಿಯರು ಮೊದಲು. ಕಾರುಗಳನ್ನು ಅದೇ ಕ್ರಮದಲ್ಲಿ ನಿಲ್ಲಿಸಲು ಒಬ್ಬರನ್ನು ನೇಮಿಸಿ, ಕಾರಿನಲ್ಲಿ ಹಿಂದಿನ ಸೀಟಿನ ಎಡಗಡೆ ಹಿರಿಯರಿಗೆ. ಪೂರ್ಣಕುಂಭ ಮೊದಲು ಯಾರ ಮುಂದೆ ನಿಲ್ಲಬೇಕು ಎನ್ನುವುದನ್ನು ಕುಂಭ ಹಿಡಿದ ಹೆಣ್ಣುಮಕ್ಕಳಿಗೆ ತೋರಿಸಿ ಹೇಳಿ, ಗುಂಪಿನಲ್ಲಿ ಅವರಿಗೆ ಮುಖ ಗುರುತು ಸಿಗುವುದಿಲ್ಲ.

ಯಾರಾದರೂ ಬೇರೆ ಕುರ್ಚಿಯಲ್ಲಿ ಕೂತುಬಿಟ್ಟರೆ ಎಬ್ಬಿಸಬೇಡಿ. ಅವರ ಮನೆಯವರೇ ಒಬ್ಬರು ಹೋಗಿ ಕಿವಿಯಲ್ಲಿ ಹೇಳಲಿ, ಇಲ್ಲವಾದರೆ ಹಾಗೇ ಬಿಡಿ. ಸನ್ಮಾನದ ಕ್ರಮ ಸರಿಯಾಗಿ ನಡೆದರೆ ಕುರ್ಚಿಯ ವ್ಯತ್ಯಾಸ ಮುಚ್ಚಿಹೋಗುತ್ತದೆ.

ಇದನ್ನೆಲ್ಲ ನೋಡಿಕೊಳ್ಳಲು ಸಮಿತಿಯಲ್ಲಿ ಒಬ್ಬರೇ ಇರಲಿ, ಅವರ ಮಾತೇ ಕೊನೆ. ಅಧ್ಯಕ್ಷರೂ ಆ ದಿನ ಅವರ ಮಾತು ಕೇಳಬೇಕು. ಮುಗಿದ ಮೇಲೆ ನಕ್ಷೆಯನ್ನು ಎಸೆಯಬೇಡಿ. ಯಾರು ನಿಜವಾಗಿ ಎಲ್ಲಿ ಕೂತರು, ಮನೆಯವರು ಏನು ಬದಲಿಸಿದರು ಎಂದು ಅದರ ಮೇಲೆಯೇ ಗುರುತು ಹಾಕಿ, ದಿನಾಂಕ ಬರೆದು, ಆ ದಿನದ ಯಜಮಾನರ ಹೆಸರನ್ನೂ ಬರೆದು ಕಡತಕ್ಕೆ ಸೇರಿಸಿ.